ಉಸಿರು ಕೇಳಿಸಬಾರದು

ನನ್ನ ಗೆಳತಿಯ ದನಿಯನ್ನು ಯಂತ್ರಕ್ಕೆ ತೆಗೆದುಕೊಂಡರು, ನನ್ನದನ್ನು ತೆಗೆದುಕೊಳ್ಳಲಿಲ್ಲ. ಇಷ್ಟನ್ನು ಬರೆಯುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ದನಿಯ ಕೆಲಸ ಮಾಡುವವರೆಲ್ಲ ನಮ್ಮ ಕಂಠ ಕದ್ದರು ಎಂದು ದೂರುತ್ತಿರುವ ಕಾಲ ಇದು. ನನ್ನ ದೂರು ಬೇರೆ. ಕಳ್ಳ ಮನೆಯೊಳಗೆ ಬಂದು, ಎಲ್ಲ ಕೋಣೆಗಳಲ್ಲೂ ಇಣುಕಿ ನೋಡಿ, ಏನನ್ನೂ ಮುಟ್ಟದೆ ಪಕ್ಕದ ಮನೆಗೆ ಹೋದರೆ ಹೇಗಿರುತ್ತದೆ ಹೇಳಿ. ಸದ್ಯ ಉಳಿಯಿತಲ್ಲ ಎಂದು ದೇವರಿಗೆ ದೀಪ ಹಚ್ಚುವವರೂ ಇರುತ್ತಾರೆ. ನಾನು ಆ ಪೈಕಿ ಅಲ್ಲ. ನಮ್ಮ ಮನೆಯಲ್ಲಿ ಏನು ಕಡಿಮೆ ಇತ್ತು ಅಂತ ಕಳ್ಳನ ಹಿಂದೆ ಓಡಿಹೋಗಿ ಕೇಳುವವಳು.

ನಾನು ಮೈಸೂರಿನವಳು. ಮದುವೆಯಾಗಿ ಅಹಮದಾಬಾದಿಗೆ ಬಂದೆ. ನಮ್ಮ ಯಜಮಾನರು ಇಲ್ಲಿನ ಕೇಂದ್ರ ಸರ್ಕಾರದ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದರು. ಈಗ ನಿವೃತ್ತರಾಗಿ ಇದೇ ಊರಿನ ಬೋಪಾಲ್ ಬಡಾವಣೆಯಲ್ಲಿ ಹನ್ನೊಂದನೇ ಮಹಡಿಯ ಫ್ಲಾಟಿನಲ್ಲಿ ಕೂತು ನನ್ನ ಅಡುಗೆಯ ಮೇಲೆ ಸಂಶೋಧನೆ ನಡೆಸುತ್ತಿದ್ದಾರೆ. ಒಂದು ರಾಜ್ಯೋತ್ಸವದಲ್ಲಿ ನಾನು ನಿರೂಪಣೆ ಮಾಡಿದ್ದನ್ನು ಯಾರೋ ಕೇಳಿ ಒಂದು ಸ್ಟುಡಿಯೋಗೆ ನನ್ನ ಹೆಸರು ಹೇಳಿದರು. ಹಾಗೆ ಶುರುವಾದದ್ದು ಹದಿನೇಳು ವರ್ಷ ನಡೆಯಿತು. ಮೊದಮೊದಲು ಟೀವಿ ಜಾಹೀರಾತು, ಮಕ್ಕಳ ಕಾರ್ಟೂನಿನ ಅಜ್ಜಿ. ಆಮೇಲೆ ಸೀರೆ, ಬರೀ ಸೀರೆ. ಸೂರತ್‌ನಲ್ಲಿ ತಯಾರಾಗುವ ಸೀರೆ ಕರ್ನಾಟಕದ ಮೂಲೆಮೂಲೆಗೂ ಹೋಗುತ್ತದೆ. ಅಲ್ಲಿನ ವ್ಯಾಪಾರಿಗಳು ಒಂದೊಂದು ಹೊಸ ಮಾಲಿಗೂ ಅರ್ಧ ನಿಮಿಷದ ವಿಡಿಯೋ ಮಾಡಿ ನಮ್ಮ ಕಡೆಯ ಅಂಗಡಿಗಳಿಗೆ ಫೋನಿನಲ್ಲಿ ಕಳಿಸುತ್ತಾರೆ. ಬಳ್ಳಾರಿಗೆ ಹೋಗುವ ಸೀರೆ ಗುಜರಾತಿ ಮಾತಾಡಿದರೆ ಯಾರು ಕೊಳ್ಳುತ್ತಾರೆ? ಅದಕ್ಕೆ ನಾನು.

ಅವರು ಕಳಿಸುತ್ತಿದ್ದ ಗುಜರಾತಿ ಬರಹದಲ್ಲಿ ಇರುತ್ತಿದ್ದುದು ಇಷ್ಟೇ: ಮೆತ್ತಗಿನ ಬಟ್ಟೆ, ಜರಿ ಅಂಚು, ಬ್ಲೌಸ್ ಪೀಸ್ ಸಮೇತ, ಮನೆಯಲ್ಲೇ ಒಗೆಯಬಹುದು. ಅದನ್ನು ಹಾಗೇ ಕನ್ನಡ ಮಾಡಿದರೆ ದಿನಸಿ ಪಟ್ಟಿ ಓದಿದ ಹಾಗಾಗುತ್ತದೆ. ನಾನು ಮೈಕಿನ ಮುಂದೆಯೇ ನಿಂತುಕೊಂಡು ಮಾತು ಕಟ್ಟುತ್ತಿದ್ದೆ. 'ಕಣ್ಣಿಗೆ ರೇಷ್ಮೆ, ಮೈಗೆ ಹತ್ತಿ' ಅನ್ನುವುದು ನನ್ನದೇ. 'ಉಟ್ಟವರಿಗೆ ಹಗುರ, ನೋಡಿದವರಿಗೆ ಭಾರ' ಅನ್ನುವುದೂ ನನ್ನದೇ. ಇದನ್ನು ಇಲ್ಲಿ ದಾಖಲಿಸಿಡುತ್ತೇನೆ, ಮುಂದೆ ಇದರ ಕಥೆ ಇದೆ.

ಸ್ಟುಡಿಯೋ ಒಂದು ಹಳೆಯ ಕಾಂಪ್ಲೆಕ್ಸಿನ ಎರಡನೇ ಮಹಡಿಯಲ್ಲಿ, ದಂತವೈದ್ಯರೊಬ್ಬರ ಪಕ್ಕದಲ್ಲಿತ್ತು. ಅವರು ಹಲ್ಲು ಕೊರೆಯುವಾಗ ನಾವು ಸುಮ್ಮನಿರಬೇಕು, ಅವರು ನಿಲ್ಲಿಸಿದಾಗ ಮಾತಾಡಬೇಕು. ಸ್ಟುಡಿಯೋದ ಮಾಲೀಕರು ಗುಜರಾತಿಯವರು, ನನ್ನನ್ನು ಬೆನ್ ಅನ್ನುತ್ತಿದ್ದರು, ಅಕ್ಕ ಅನ್ನುವಂತೆ. ಸಂಭಾವಿತ ಮನುಷ್ಯ. ಆದರೆ ಒಂದು ವಿಷಯದಲ್ಲಿ ಕಟುಕ. ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿರುತ್ತಿದ್ದರು, ಇದ್ದಕ್ಕಿದ್ದಂತೆ ಕೈ ಎತ್ತಿ, "ಬೆನ್, ಶ್ವಾಸ!" ಎಂದು ಕೂಗುತ್ತಿದ್ದರು. ನನ್ನ ಉಸಿರು ಮೈಕಿಗೆ ಬಿದ್ದಿದೆ ಎಂದು ಅರ್ಥ. ಹಾಗೆ ಬಿದ್ದ ಒಂದೊಂದು ಉಸಿರನ್ನೂ ಅವರು ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಿ ಕತ್ತರಿಸಬೇಕಿತ್ತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಜಾಹೀರಾತಿನಲ್ಲಿ ಉಸಿರು ಕೇಳಿಸಬಾರದು. ಅದೇ ಆ ಕಸುಬಿನ ಮೊದಲ ಪಾಠ.

ನಾನು ಹಟದವಳು. ಇವರ ಕತ್ತರಿಗೆ ಕೆಲಸವೇ ಇಲ್ಲದಂತೆ ಮಾಡುತ್ತೇನೆ ಎಂದು ಕೂತೆ. ಬೆಳಿಗ್ಗೆ ಕುಕ್ಕರ್ ಕೂಗುವವರೆಗೆ ಉಸಿರು ಹಿಡಿದು ಪೇಪರ್ ಓದಿದೆ. ಮೆಟ್ಟಿಲು ಹತ್ತುತ್ತ ಓದಿದೆ. ಯಜಮಾನರು ಕೈಗಡಿಯಾರ ಹಿಡಿದು ಎಣಿಸುತ್ತ, "ರಾಕೆಟ್ ಹಾರಿಸುವಾಗಲೂ ನಾವು ಇಷ್ಟು ಕಷ್ಟಪಟ್ಟಿಲ್ಲ ಕಣೇ" ಅನ್ನುತ್ತಿದ್ದರು. ಎರಡು ವರ್ಷದಲ್ಲಿ ಅರ್ಧ ನಿಮಿಷದ ಜಾಹೀರಾತನ್ನು ಒಂದೇ ಉಸಿರಿನಲ್ಲಿ ಹೇಳುವುದು ಬಂತು. ನಡುವೆ ಬೇಕೇ ಬೇಕೆಂದರೆ ಮೂಗಿನಲ್ಲಿ ಎಳೆದುಕೊಳ್ಳುವುದು, ಬೆಕ್ಕು ಹಾಲು ಕುಡಿದಂತೆ, ಯಾರಿಗೂ ತಿಳಿಯದೆ. ಒಂದು ದಿನ ಮಾಲೀಕರು ಹೆಡ್‌ಫೋನ್ ತೆಗೆದು, "ಬೆನ್, ನಿಮ್ಮ ಫೈಲಿನಲ್ಲಿ ನನಗೆ ಕೆಲಸ ಇಲ್ಲ" ಅಂದರು. ಅವತ್ತು ನಾನು ಮನೆಗೆ ಬರುತ್ತಾ ಅರ್ಧ ಕೇಜಿ ಪೇಡಾ ತಂದೆ.

ಇನ್ನು ಗೆಳತಿ. ಅವಳು ಗದಗಿನವಳು, ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಗಿ ಬಂದವರು. ನಮ್ಮ ಸೊಸೈಟಿಯಲ್ಲೇ ಪಕ್ಕದ ಕಟ್ಟಡ. ಅತ್ತೆ ಸೊಸೆ ಮಾತಾಡಿಕೊಳ್ಳುವ ಒಂದು ಜಾಹೀರಾತಿಗೆ ಇನ್ನೊಂದು ಹೆಣ್ಣುದನಿ ಬೇಕೆಂದಾಗ ನಾನೇ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ನಾನೇ ಮೈಕಿನ ಮುಂದೆ ನಿಲ್ಲಿಸಿದೆ. ಅತ್ತೆಯ ಪಾತ್ರ ನನಗೆ, ಸೊಸೆಯದು ಅವಳಿಗೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವುದು ಅವತ್ತು ನೆನಪಾಗಲಿಲ್ಲ.

ಅವಳಿಗೆ ಒಂದು ಅಭ್ಯಾಸ. ಬಾಯಿ ತೆರೆಯುವ ಮೊದಲು 'ಹ್ಞ' ಎಂದು ಸಣ್ಣಗೆ ಉಸಿರು ಒಳಗೆಳೆದುಕೊಳ್ಳುತ್ತಾಳೆ, ಯಾರ ಮನೆಯದೋ ಗುಟ್ಟು ಹೇಳುವವಳ ಹಾಗೆ. ಕೇಳುವವರು ತಮಗೆ ಗೊತ್ತಿಲ್ಲದೆಯೇ ಮುಂದಕ್ಕೆ ಬಾಗುತ್ತಾರೆ. ಆ ಉಸಿರು ಎಳೆದಳೆಂದರೆ ಏನೋ ಬಂದೇ ಬರುತ್ತದೆ. ಉಪ್ಪಿನಕಾಯಿ ವಿಷಯವಾದರೂ ಸರಿ. ಮೈಕಿನ ಮುಂದೆಯೂ ಅದೇ. "ಬೆನ್, ಶ್ವಾಸ!" "ಬೆನ್, ಶ್ವಾಸ!" ಗಾಜಿನಾಚೆ ಮಾಲೀಕರ ಕೈ ಇಳಿಯುತ್ತಲೇ ಇರಲಿಲ್ಲ. ನಾನು ಎಷ್ಟು ಹೇಳಿಕೊಟ್ಟರೂ ಅವಳಿಗೆ ಹತ್ತಲಿಲ್ಲ.

"ಅಕ್ಕಾರ, ಉಸರು ತಗೊಳ್ಳಾರದ ಮಾತಾಡಂದ್ರ ಹೆಂಗ್ರಿ? ನಾ ಏನ್ ಹೆಣಾ ಅದೀನೇನ್ರಿ?" ಎಂದು ನಗುತ್ತಿದ್ದಳು.

"ಕಲೀಬೇಕಮ್ಮ. ಕಲಿಯೋವರೆಗೂ ನೀವು ಸೊಸೆಯೇ" ಅನ್ನುತ್ತಿದ್ದೆ ನಾನು. ಅವಳು ಎರಡನೆಯವಳಾಗಿ ಇರುವಷ್ಟು ಕಾಲ ನನಗೆ ಅವಳ ಮೇಲೆ ಬಹಳ ಪ್ರೀತಿ ಇತ್ತು.

ಹೋದ ವರ್ಷ ಮಾಲೀಕರು ನಮ್ಮಿಬ್ಬರನ್ನೂ ಕರೆದು, ವಡೋದರಾದ ಒಂದು ಕಂಪನಿ ಕನ್ನಡದ ಎಐ ದನಿ ತಯಾರಿಸುತ್ತಿದೆ, ಇಬ್ಬರೂ ಹೋಗಿ ಸ್ಯಾಂಪಲ್ ಕೊಟ್ಟು ಬನ್ನಿ ಅಂದರು. ಬೆಳಗಿನ ರೈಲಿನಲ್ಲಿ ಹೊರಟೆವು. ಅವಳು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ನಾನು ತಿನ್ನಲಿಲ್ಲ, ಗಂಟಲಿಗೆ ಖಾರ ಆಗಬಾರದು ಅಂತ. ಬಿಸಿನೀರು ಗುಟುಕರಿಸುತ್ತ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅವಳು ಎದುರಿಗೆ ಕೂತ ಗುಜರಾತಿ ಹೆಂಗಸಿನೊಂದಿಗೆ ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ವಡೋದರಾವರೆಗೂ ಹರಟಿದಳು.

ಕಂಪನಿಯಲ್ಲಿ ಒಬ್ಬೊಬ್ಬರಿಗೂ ಒಂದು ಕಟ್ಟು ಕಾಗದ ಕೊಟ್ಟರು. ಅದರಲ್ಲಿ ತಲೆಬುಡವಿಲ್ಲದ ವಾಕ್ಯಗಳು. 'ನಾಳೆ ಏಳು ಗಂಟೆಗೆ ನೀರು ಬರುತ್ತದೆ.' 'ಅಯ್ಯೋ, ಹೌದಾ? ನಿಜವಾಗಿಯೂ?' 'ದಯವಿಟ್ಟು ಮುಂದಿನ ಬಾಗಿಲಿನಿಂದ ಇಳಿಯಿರಿ.' ನಾನು ಹದಿನೇಳು ವರ್ಷದ ವಿದ್ಯೆಯನ್ನೆಲ್ಲ ಧಾರೆ ಎರೆದೆ. ಒಂದು ಉಸಿರೂ ಕೇಳಿಸಲಿಲ್ಲ. ಅವಳು ಓದುವುದು ಹೊರಗಿನವರೆಗೂ ಕೇಳುತ್ತಿತ್ತು: ಹ್ಞ, ನಾಳೆ ಏಳು ಗಂಟೆಗೆ. ಹ್ಞ, ದಯವಿಟ್ಟು. ನೀರು ಬರುತ್ತದೆ ಎಂದು ಹೇಳುವಾಗ ಒಂದು ಕಡೆ ನಕ್ಕೂಬಿಟ್ಟಳು. ನನಗೆ ಅವಳ ಬಗ್ಗೆ ಪಾಪ ಅನ್ನಿಸಿತು.

ಸಂಜೆ ಆ ಕಂಪನಿಯ ಹುಡುಗಿಯೊಬ್ಬಳು ಬಂದಳು, ಇಪ್ಪತ್ತೈದು ವರ್ಷ ಇರಬಹುದು. ಗೆಳತಿಯನ್ನು ಇನ್ನೂ ಎರಡು ದಿನ ಇರಲು ಸಾಧ್ಯವೇ ಎಂದು ಕೇಳಿದಳು. ನನಗೆ ಕೈ ಮುಗಿದಳು.

"ಆಂಟಿ, ನಿಮ್ಮ ಉಚ್ಚಾರಣೆ ಫಸ್ಟ್ ಕ್ಲಾಸ್" ಅಂದಳು ಹಿಂದಿಯಲ್ಲಿ. "ಆದರೆ ದನಿ ತುಂಬಾ ಕ್ಲೀನ್. ಒಂದು ಉಸಿರೂ ಇಲ್ಲ. ಕೇಳಿದವರು ಇದು ಮಷೀನು ಅಂದುಬಿಡ್ತಾರೆ. ನಮಗೆ ಮನುಷ್ಯರ ಥರ ಇರೋದು ಬೇಕು."

ನಾನು ಒಬ್ಬಳೇ ವಾಪಸು ಬಂದೆ. ರೊಟ್ಟಿಯ ಡಬ್ಬಿಯನ್ನು ಅವಳು ನನ್ನ ಚೀಲಕ್ಕೇ ತುರುಕಿದ್ದಳು. ಆಣಂದ್ ದಾಟುವ ಹೊತ್ತಿಗೆ ಪೂರ್ತಿ ಖಾಲಿ ಮಾಡಿದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಅಂತ ಎದುರಿನವರಿಗೆ ಹೇಳಿದೆ.

ಮನೆಯಲ್ಲಿ ಯಜಮಾನರು ಎಲ್ಲ ಕೇಳಿಸಿಕೊಂಡು, "ದನಿ ಕದ್ದರು ಅಂತ ಅಳೋರನ್ನ ಪೇಪರಲ್ಲಿ ಓದಿದೀನಿ. ಕದೀಲಿಲ್ಲ ಅಂತ ಅಳೋಳನ್ನ ಈಗಲೇ ನೋಡ್ತಿರೋದು" ಅಂದರು. ಅವತ್ತು ಅವರಿಗೆ ಬರೀ ಮೊಸರನ್ನ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಸ್ಟುಡಿಯೋದಿಂದ ನನಗೆ ಫೋನು ಬರುವುದು ವಾರಕ್ಕೊಂದಾಯಿತು, ತಿಂಗಳಿಗೊಂದಾಯಿತು, ನಿಂತಿತು. ತಮಿಳಿಗೆ ಬರುತ್ತಿದ್ದ ಬ್ಯಾಂಕಿನವರ ಹೆಂಡತಿಗೂ ನಿಂತಿತು, ಮರಾಠಿಯ ಮೇಷ್ಟರಿಗೂ ನಿಂತಿತು. ಒಂದು ದಿನ ಆ ದಾರಿಯಲ್ಲೇ ಹೋಗುತ್ತಿದ್ದವಳು ಮೇಲೆ ಹತ್ತಿದೆ. ಮಾಲೀಕರು ಹೆಡ್‌ಫೋನಿಲ್ಲದೆ ಕೂತು ಗುಜರಾತಿಯಲ್ಲಿ ಟೈಪ್ ಮಾಡುತ್ತಿದ್ದರು. ಚಹಾ ಬರುವಷ್ಟರಲ್ಲಿ ಒಂದೇ ಸೀರೆ ಹನ್ನೊಂದು ಭಾಷೆ ಮಾತಾಡಿತು. ಮೈಕಿನ ಕೋಣೆಯನ್ನು ಎಕ್ಸ್‌ರೇ ಇಡಲು ಪಕ್ಕದ ದಂತವೈದ್ಯರು ಕೇಳಿದ್ದಾರಂತೆ.

"ನೋಡಿ ಬೆನ್" ಎಂದು ಅವರು ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ಅದರ ಪಕ್ಕ ಉಸಿರು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. "ಈ ಕಡೆ ಎಳೆದರೆ ಉಸಿರು ಜಾಸ್ತಿ, ಆ ಕಡೆ ಎಳೆದರೆ ಕಡಿಮೆ. ನಾನು ಇಷ್ಟು ವರ್ಷ ಕತ್ತರಿಸಿದ್ದೇ ಕತ್ತರಿಸಿದ್ದು. ಈಗ ಗಿರಾಕಿಗಳೇ ಸ್ವಲ್ಪ ಉಸಿರು ಹಾಕಿ ಅಂತಾರೆ." ನಗಲು ನೋಡಿದರು, ನಗು ಬರಲಿಲ್ಲ. ಅವರು ಗುಂಡಿ ಒತ್ತಿದರು. ಹ್ಞ, ಅಂದಿತು ಯಂತ್ರ. ನನ್ನ ಮೈಯೇ ಮುಂದಕ್ಕೆ ಬಾಗಿತು, ಅವಳು ಏನು ಹೇಳುತ್ತಾಳೋ ಎಂದು. ಅವಳು ಒಂದು ನೈಟಿಯ ಬಗ್ಗೆ ಹೇಳಿದಳು.

ಗೆಳತಿಗೂ ಕೆಲಸ ನಿಂತಿತ್ತು, ಅದನ್ನೂ ಹೇಳಬೇಕು. ಮೂರು ದಿನ ಓದಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬಂದವಳನ್ನು ಮತ್ತೆ ಯಾರೂ ಕರೆಯಲಿಲ್ಲ. ಕರೆಯುವ ಅಗತ್ಯವೇ ಇರಲಿಲ್ಲವಲ್ಲ. ನ್ಯಾಯವಾಗಿ ನೋಡಿದರೆ ನಾವಿಬ್ಬರೂ ಒಂದೇ ದೋಣಿಯಲ್ಲಿದ್ದೆವು. ಆದರೆ ಹೊಟ್ಟೆಕಿಚ್ಚಿಗೆ ನ್ಯಾಯ ಎಲ್ಲಿಂದ ಬರಬೇಕು? ಅವಳಿಗೆ ಬೇಸರವೂ ಇರಲಿಲ್ಲ. ಗದಗಿನಲ್ಲಿರುವ ಅವಳ ಅಕ್ಕ ಸೀರೆ ಅಂಗಡಿಗೆ ಹೋದಾಗ ಅಂಗಡಿಯವನು ಫೋನಿನಲ್ಲಿ ವಿಡಿಯೋ ತೋರಿಸಿದನಂತೆ. ಮಾತು ಶುರುವಾಗುವ ಮೊದಲೇ, ಆ ಉಸಿರಿಗೇ, "ಇದು ನನ್ನ ತಂಗಿ!" ಎಂದು ಅಕ್ಕ ಅಂಗಡಿಯಲ್ಲೇ ಕೂಗಿದಳಂತೆ. ಇದನ್ನು ಅವಳು ನಮ್ಮ ಮನೆಗೆ ಬಂದು ಮೂರು ಸಲ ಹೇಳಿದಳು. ಮೂರು ಸಲವೂ ನಾನು "ಹೌದಾ, ಒಳ್ಳೇದಾಯ್ತು" ಅಂದೆ. ಮೂರನೇ ಸಲ ಒಲೆಯ ಮೇಲಿನ ಹಾಲು ಉಕ್ಕಿತು.

ಆ ಅಕ್ಕನ ಮಗಳಿಗೇ ಮದುವೆ ಗೊತ್ತಾಯಿತು. ಉಡುಗೊರೆ ಸೀರೆಗಳನ್ನು ಸೂರತ್‌ನಲ್ಲೇ ತೆಗೆಯೋಣ, ನೀವೂ ಬರ್ರಿ ಎಂದು ಅವಳು ಕರೆದಳು. ಹೋದೆ. ನನಗೂ ಒಂದು ಆಸೆ ಇತ್ತು. ಹದಿನೇಳು ವರ್ಷದಲ್ಲಿ ನಾನು ಯಾವ ವ್ಯಾಪಾರಿಯ ಸೀರೆಗಳನ್ನು ಅತಿ ಹೆಚ್ಚು ಹೊಗಳಿದ್ದೆನೋ ಅವರನ್ನು ಒಮ್ಮೆಯೂ ಕಂಡಿರಲಿಲ್ಲ. ಅವರ ಅಂಗಡಿಗೇ ಕರೆದುಕೊಂಡು ಹೋದೆ. ನನ್ನ ದನಿ ಕೇಳಿದ ತಕ್ಷಣ ಅವರು ಗುರುತು ಹಿಡಿಯುತ್ತಾರೆ, ಎದ್ದು ನಿಲ್ಲುತ್ತಾರೆ, ಗೆಳತಿ ನೋಡುತ್ತಾಳೆ. ದಾರಿಯುದ್ದಕ್ಕೂ ಇದನ್ನೇ ಕಟ್ಟಿಕೊಂಡು ಹೋಗಿದ್ದೆ.

ಮಾರುಕಟ್ಟೆಯ ನಾಲ್ಕನೇ ಮಹಡಿ. ಚಪ್ಪಲಿ ಬಿಟ್ಟು ಬಿಳಿಯ ಹಾಸಿನ ಮೇಲೆ ಕೂತೆವು. ಅರವತ್ತು ದಾಟಿದ ವ್ಯಾಪಾರಿ, ಮೆದು ಮಾತು. ನಾನು ಬೇಕೆಂದೇ ಗೆಳತಿಯ ಕಡೆ ತಿರುಗಿ ಜಾಹೀರಾತಿನ ದನಿಯಲ್ಲಿ, "ನೋಡಿ, ಎಷ್ಟು ಸೊಗಸಾದ ಅಂಚು! ಹಬ್ಬಕ್ಕೂ ಸೈ, ಹರಿದಿನಕ್ಕೂ ಸೈ!" ಅಂದೆ. ಅವರು ನನ್ನನ್ನು ನೋಡಿದರು. "ಕರ್ನಾಟಕದವರಾ ಬೆನ್?" ಎಂದು ಹಿಂದಿಯಲ್ಲಿ ಕೇಳಿದರು. ಇನ್ನೇನು ಬಂತು ಅಂದುಕೊಂಡೆ.

"ಹಾಗಾದರೆ ಇದನ್ನು ಕೇಳಿ. ನಮ್ಮ ಕನ್ನಡ ವಿಡಿಯೋ" ಎಂದು ಫೋನು ಮುಂದೆ ಹಿಡಿದರು.

ಹ್ಞ, ಅಂದಿತು ಫೋನು. ಕಣ್ಣಿಗೆ ರೇಷ್ಮೆ, ಮೈಗೆ ಹತ್ತಿ.

ನನ್ನ ಮಾತು. ಹಳೆಯ ವಿಡಿಯೋಗಳಿಂದ ಎತ್ತಿ ಯಂತ್ರಕ್ಕೆ ತುಂಬಿರಬೇಕು. ನನ್ನ ಮಾತು, ಅವಳ ದನಿ. ಅಂಗಡಿಯಲ್ಲಿ ಕೂತಿದ್ದ ಇನ್ನಿಬ್ಬರು ಹೆಂಗಸರು, ಕನ್ನಡ ಗೊತ್ತಿಲ್ಲದವರು, ಆ ಉಸಿರಿಗೆ ತಲೆ ಎತ್ತಿ ಇತ್ತ ನೋಡಿದರು. ಗೆಳತಿಯ ಮುಖ ಕೆಂಪೇರಿತು. ಅವಳು ತಾನಾಗಿ ಹೇಳಿಕೊಳ್ಳುವವಳಲ್ಲ. ನನ್ನನ್ನೇ ನೋಡುತ್ತಿದ್ದಳು. ಇದು ಇವಳ ದನಿ ಎಂದು ಅಕ್ಕಾರು ಹೇಳುತ್ತಾರೆ ಎಂದು ಕಾಯುತ್ತಿದ್ದಳು. ಇಬ್ಬರಿಗೂ ಅದು ಸ್ಪಷ್ಟವಾಗಿತ್ತು.

"ಕನ್ನಡ ಸರಿಯಾಗಿದೆಯಾ ಬೆನ್?" ಎಂದರು ವ್ಯಾಪಾರಿ.

"ಕನ್ನಡ ಸರಿಯಾಗಿದೆ" ಅಂದೆ. ನನ್ನ ಹಿಂದಿ ಅವತ್ತು ಬಹಳ ಚೆನ್ನಾಗಿ ಬಂತು. "ಆದರೆ ಈ ಉಸಿರು ಕೇಳಿಸಬಾರದು. ನಮ್ಮ ಕಡೆ ಜನ ಯಾರೋ ಕಾಯಿಲೆಯವರು ಮಾತಾಡ್ತಿದಾರೆ ಅಂದ್ಕೋತಾರೆ. ಮಂಗಳದ ಸೀರೆಗೆ ಅದು ಒಳ್ಳೇದಲ್ಲ."

ವ್ಯಾಪಾರಿಗೆ ಗಿರಾಕಿಯ ಮಾತೆಂದರೆ ವೇದವಾಕ್ಯ. ಆಗಲೇ ಯಾರಿಗೋ ಫೋನು ಮಾಡಿ ಗುಜರಾತಿಯಲ್ಲಿ ಹೇಳಿದರು: ಕನ್ನಡದಲ್ಲಿ ಶ್ವಾಸ ಪೂರ್ತಿ ತೆಗೆದುಬಿಡಿ, ಕರ್ನಾಟಕದವರೇ ಹೇಳಿದ್ದಾರೆ. ಆಮೇಲೆ ನಮಗೆ ಚಹಾ ತರಿಸಿದರು.

ಗೆಳತಿ ಸೀರೆಗಳನ್ನು ಆರಿಸಿದಳು. ಬಣ್ಣ ಕೇಳಿದಳು, ನಾನು ಹೇಳಿದೆ. ರೈಲಿನಲ್ಲಿ ಡಬ್ಬಿ ತೆಗೆದು ನನಗೆ ಮೊದಲು ಕೊಟ್ಟಳು. ಭರೂಚ್ ಬಂದಾಗ ಕಿಟಕಿಯ ಕಡೆ ನೋಡುತ್ತ, "ನೀವು ಹೇಳಿದ್ದು ಖರೇ ಐತ್ರಿ ಅಕ್ಕಾರ. ನನಗಂತೂ ಆ ಉಸರಿಂದು ಕಲಿಯಾಕ ಆಗ್ಲಿಲ್ಲ. ಮಷೀನಾದ್ರೂ ಕಲೀಲಿ" ಅಂದಳು. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ನನಗೆ ನಾಚಿಕೆಯಾಯಿತು. ನಾಚಿಕೆಯ ಕೆಳಗೆ ಒಂದು ತಣ್ಣನೆಯ ಸಂತೋಷವೂ ಇತ್ತು, ಸುಳ್ಳು ಹೇಳುವುದಿಲ್ಲ.

ಎರಡು ವಾರ ಕಳೆದು, ಒಂದು ಮಧ್ಯಾಹ್ನ ಮದುವೆಯ ಕರೆಯೋಲೆ ಕೊಡಲು ಬಂದಳು. ಕುಂಕುಮ ಕೊಟ್ಟೆ, ಚಹಾ ಕೊಟ್ಟೆ. ಅವಳು ಫೋನು ತೆಗೆದು, "ಹೊಸಾದು ಬಂದೈತಿ, ಕೇಳ್ರಿ" ಎಂದು ಮೇಜಿನ ಮೇಲಿಟ್ಟಳು.

'ಕಣ್ಣಿಗೆ ರೇಷ್ಮೆ, ಮೈಗೆ ಹತ್ತಿ. ಉಟ್ಟವರಿಗೆ ಹಗುರ, ನೋಡಿದವರಿಗೆ ಭಾರ.' ಶುರುವಿನಿಂದ ಕೊನೆಯವರೆಗೆ ಒಂದು ಉಸಿರೂ ಇಲ್ಲ. ಅಚ್ಚುಕಟ್ಟು. ಗಾಜಿನಾಚೆ ಯಾರೂ ಕೈ ಎತ್ತುವಂತಿಲ್ಲ. ಒಳಗಿನಿಂದ ಯಜಮಾನರು, "ಏನೇ, ಮತ್ತೆ ಕೆಲಸ ಶುರುವಾಯ್ತಾ ನಿಂದು?" ಎಂದು ಕೂಗಿದರು.

"ಅಕ್ಕ ಫೋನ್ ಮಾಡಿದ್ಲ್ರಿ" ಅಂದಳು ಗೆಳತಿ. "ಅಂಗಡ್ಯಾಗ ಇದನ್ನ ಕೇಳಿದ್ಲಂತ. 'ನಿನ್ನ ತಗದು ಬ್ಯಾರೇದಾರನ್ನ ಹಾಕ್ಯಾರಲ್ಲ, ನಿಮ್ಮ ಮೈಸೂರು ಅಕ್ಕಾರು ಇರಬೇಕು' ಅಂದ್ಲು. ನಾ ಹೌದಂದೆ."

"ಯಾಕೆ ಹೌದು ಅಂದ್ರಿ?"

"ಮತ್ತ, ಥೇಟ್ ನಿಮ್ಮಂಗ ಐತಲ್ರಿ."

ನನಗೆ ಬೇಕಾಗಿದ್ದುದು ಅದೇ. ಹದಿನೇಳು ವರ್ಷದ ವಿದ್ಯೆ, ನನ್ನ ಮಾತು, ಕೊನೆಗೂ ಗದಗಿನ ಅಂಗಡಿಯಲ್ಲಿ ನನ್ನ ಹೆಸರಿಗೇ ಬಂದಿತ್ತು. ಅದು ನಾನಲ್ಲ, ನೀವೇ, ನಿಮ್ಮ ಅಕ್ಕನಿಗೆ ಈಗಲೇ ಫೋನು ಮಾಡಿ ಹೇಳಿ ಅನ್ನಬೇಕು ಎಂದು ಬಾಯಿವರೆಗೂ ಬಂತು. ಫೋನಿನಲ್ಲಿ ವಿಡಿಯೋ ತಾನಾಗಿಯೇ ಮತ್ತೆ ಮೊದಲಿನಿಂದ ಓಡತೊಡಗಿತು. ಅವಳು ಅದನ್ನು ನಿಲ್ಲಿಸಿ ಚೀಲಕ್ಕೆ ಹಾಕಿಕೊಂಡಳು.

ಆಮೇಲೆ ನನ್ನ ಕಡೆ ತಿರುಗಿ, ಹ್ಞ, ಎಂದು ಉಸಿರು ಒಳಗೆಳೆದುಕೊಂಡಳು. ನಾನು ಮುಂದಕ್ಕೆ ಬಾಗಿದೆ. ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಒಳಗೆ ಹೋದಳು.